ಮೂವತ್ತು ಕಾರ್ಡುಗಳ ಕಾಲಗಣಿತ

ಇಸ್ಪೀಟಿನಲ್ಲಿ ಸೋತವರಿಗೆ ಹೇಳಿಕೊಳ್ಳಲು ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ನಂಗೆ ಎಲೆನೇ ಬೀಳ್ಲಿಲ್ಲ.’ ರಮ್ಮಿಯಿರಲಿ, ಇಪ್ಪತ್ತೆಂಟಿರಲಿ, ಸೋಲನ್ನು ಕಲೆಸಿ ಹಂಚಿದವನ ತಲೆಗೋ ಹಣೆಬರಹಕ್ಕೋ ಕಟ್ಟಿ ಎದ್ದು ಹೋಗಬಹುದು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಕಾರ್ಡ್ ಕದನದ ಆಟಗಳು ಈ ಸವಲತ್ತನ್ನು ಅರ್ಧಕ್ಕರ್ಧ ಕಿತ್ತುಕೊಂಡಿವೆ. ಅಲ್ಲಿಯೂ ಕಟ್ಟು ಕಲೆಸಿಯೇ ಬರುತ್ತದೆ, ಬೇಕಾದ ಹೊತ್ತಿಗೆ ಬೇಕಾದ ಕಾರ್ಡ್ ಕೈಕೊಡುತ್ತದೆ. ಆದರೆ ಕಟ್ಟಿನೊಳಗಿನ ಒಂದೊಂದು ಕಾರ್ಡನ್ನೂ ಆರಿಸಿ ಇಟ್ಟವರು ನೀವೇ. ಎಲೆ ಬೀಳಲಿಲ್ಲ ಎಂದು ಗೊಣಗುವ ಮೊದಲು, ಬೀಳಲು ಎಷ್ಟು ಅವಕಾಶ ಇಟ್ಟಿದ್ದಿರಿ ಎಂಬ ಪ್ರಶ್ನೆ ಏಳುತ್ತದೆ. ಆಟದ ದೊಡ್ಡ ಪಾಲು ಆಟ ಶುರುವಾಗುವ ಮೊದಲೇ, ಡೆಕ್ ಕಟ್ಟುವಾಗಲೇ ಮುಗಿದಿರುತ್ತದೆ.

ಇಂಥ ಆಟಗಳು ಹಲವಿವೆ. ಇಲ್ಲಿ ಮುಖ್ಯವಾಗಿ ಹಾರ್ತ್‌ಸ್ಟೋನನ್ನು ಹಿಡಿದುಕೊಳ್ಳುತ್ತೇನೆ. ಅದರ ಲೆಕ್ಕ ಬಹಳ ಶುದ್ಧ, ಹಾಗಾಗಿ ವಿವರಿಸಲು ಸುಲಭ. ಅಮೆರಿಕದ ಬ್ಲಿಝಾರ್ಡ್ ಕಂಪನಿ 2014ರ ಮಾರ್ಚ್‌ನಲ್ಲಿ ಇದನ್ನು ಬಿಡುಗಡೆ ಮಾಡಿತು, ಮರುವರ್ಷ ಅದು ಫೋನಿಗೂ ಬಂತು. ನಿಯಮ ಇಷ್ಟೇ. ಇಬ್ಬರು ಆಟಗಾರರು, ತಲಾ ಒಬ್ಬ ನಾಯಕ, ಪ್ರತಿ ನಾಯಕನಿಗೆ 30 ಹೆಲ್ತ್. ಎದುರಾಳಿಯ ಹೆಲ್ತನ್ನು ಸೊನ್ನೆಗೆ ಇಳಿಸಿದವನು ಗೆದ್ದ. ಡೆಕ್ಕಿನಲ್ಲಿ 30 ಕಾರ್ಡ್. ಒಂದೇ ಕಾರ್ಡಿನ ಎರಡು ಪ್ರತಿಗಿಂತ ಹೆಚ್ಚು ಇಡುವಂತಿಲ್ಲ, ಲೆಜೆಂಡರಿ ಎನ್ನುವ ಅಪರೂಪದ ಕಾರ್ಡಾದರೆ ಒಂದೇ ಪ್ರತಿ. ಕಾರ್ಡುಗಳಲ್ಲಿ ಕೆಲವು ಹೊಡೆದಾಡುವ ಬಂಟರು, ಕೆಲವು ಮಂತ್ರಗಳು, ಕೆಲವು ಆಯುಧಗಳು. ಪ್ರತಿಯೊಂದಕ್ಕೂ ಬೆಲೆಯಿದೆ, ಆ ಬೆಲೆಯನ್ನು ಮಾನಾ ಎಂಬ ಶಕ್ತಿಯಲ್ಲಿ ತೆರಬೇಕು. ಮೊದಲ ಸರದಿಯಲ್ಲಿ ಒಂದು ಮಾನಾ, ಎರಡನೆಯದರಲ್ಲಿ ಎರಡು, ಹೀಗೆ ಹತ್ತರವರೆಗೆ ಏರಿ ನಿಲ್ಲುತ್ತದೆ. ಇವತ್ತು ಉಳಿಸಿದ ಮಾನಾ ನಾಳೆಗೆ ಬರುವುದಿಲ್ಲ. ಖರ್ಚು ಮಾಡದಿದ್ದರೆ ಹೋಯಿತು, ಅಷ್ಟೇ.

ಈ ಕೊನೆಯ ಸಾಲಿನಲ್ಲೇ ಡೆಕ್ ಕಟ್ಟುವ ವಿದ್ಯೆಯ ಬೀಜವಿದೆ. ಅದು ಹಾರ್ತ್‌ಸ್ಟೋನಿಗಿಂತ ಎಷ್ಟೋ ಹಳೆಯದು. 1993ರ ಆಗಸ್ಟ್‌ನಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಮಾರುಕಟ್ಟೆಗೆ ಬಂತು. ಕಾಗದದ ಕಾರ್ಡುಗಳನ್ನು ಪೊಟ್ಟಣದಲ್ಲಿ ಕೊಂಡು, ಕೂಡಿಸಿ, ತಮ್ಮದೇ ಕಟ್ಟು ಮಾಡಿಕೊಂಡು ಆಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಮೊದಮೊದಲು ಒಂದು ಕಾರ್ಡಿನ ಎಷ್ಟು ಪ್ರತಿಯನ್ನಾದರೂ ಇಡಬಹುದಿತ್ತು. ಯಾರ ಬಳಿಯೂ ಅಷ್ಟೊಂದು ಪ್ರತಿಗಳು ಸೇರಲಾರವು ಎಂಬುದು ತಯಾರಕರ ಊಹೆ. ಹಟ ಹಿಡಿದ ಆಟಗಾರನ ಮುಂದೆ ಇಂಥ ಊಹೆ ನಿಲ್ಲುತ್ತದೆಯೇ? ಅತಿ ಬಲದ ಒಂದೆರಡು ಕಾರ್ಡುಗಳನ್ನೇ ಹತ್ತಾರು ತುಂಬಿಕೊಂಡು, ಎದುರಾಳಿ ಒಂದು ಕಾರ್ಡ್ ಇಳಿಸುವ ಮೊದಲೇ ಕಥೆ ಮುಗಿಸುವವರು ಹುಟ್ಟಿಕೊಂಡರು. 1994ರಲ್ಲಿ ಪಂದ್ಯಗಳಿಗೆ ಕಡ್ಡಾಯ ನಿಯಮ ಬಂತು: ಕನಿಷ್ಠ 60 ಕಾರ್ಡಿನ ಡೆಕ್, ಒಂದರ ನಾಲ್ಕು ಪ್ರತಿಗಿಂತ ಹೆಚ್ಚಿಲ್ಲ. ನಿಜವಾದ ಡೆಕ್ ಕಟ್ಟುವಿಕೆ ಶುರುವಾದದ್ದು ಆಮೇಲೆ ಎಂದರೆ ತಪ್ಪಾಗದು. ಬೇಕಾದದ್ದನ್ನೆಲ್ಲ ಬೇಕಾದಷ್ಟು ತುಂಬಬಹುದಾದ ಕಡೆ ಆಯ್ಕೆ ಎಂಬುದೇ ಇರುವುದಿಲ್ಲವಲ್ಲ.

ಇದಾದ ಎರಡು ವರ್ಷಕ್ಕೆ, 1996ರಲ್ಲಿ, ಅಟ್ಲಾಂಟಾದ ಒಂದು ಅರ್ಹತಾ ಪಂದ್ಯಕ್ಕೆ ಪಾಲ್ ಸ್ಲೈ ಎಂಬಾತ ಒಂದು ವಿಚಿತ್ರ ಡೆಕ್ ತಂದ. ಅದರ ಹಿಂದಿನ ಲೆಕ್ಕ ಜೇ ಶ್ನೈಡರ್ ಎಂಬ ಇನ್ನೊಬ್ಬನದು. ಬೇರೆಯವರು ಮೂಲೆಗೆಸೆದಿದ್ದ ಸಣ್ಣಪುಟ್ಟ ಬಂಟರೇ ಅದರಲ್ಲಿ ತುಂಬಿದ್ದರು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೇಳಿಕೊಳ್ಳುವಂಥ ಕಾರ್ಡಲ್ಲ. ಆದರೆ ಅವುಗಳ ಬೆಲೆಗಳನ್ನು ಜೋಡಿಸಿದ ರೀತಿಯಲ್ಲಿ ಚಮತ್ಕಾರವಿತ್ತು: ಮೊದಲ ಸರದಿಯಲ್ಲಿ ಒಂದರ ಕಾರ್ಡ್, ಎರಡನೆಯದರಲ್ಲಿ ಎರಡರದ್ದು, ಮೂರರಲ್ಲಿ ಮೂರರದ್ದು. ಯಾವ ಸರದಿಯಲ್ಲೂ ಶಕ್ತಿ ಪೋಲಾಗಬಾರದು. ಘಟಾನುಘಟಿ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಒಳ್ಳೆಯ ಕಾಲ ಬರಲೆಂದು ಕಾಯುತ್ತಿದ್ದವರು, ಆ ಕಾಲ ಬರುವ ಮೊದಲೇ ಸೋತರು. ಕಾರ್ಡುಗಳನ್ನು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಮೂಡುವ ಏರಿಳಿತಕ್ಕೆ ಮಾನಾ ಕರ್ವ್ ಎನ್ನುತ್ತಾರೆ. ಇವತ್ತು ಯಾವ ಕಾರ್ಡ್ ಆಟವನ್ನು ತೆರೆದರೂ ಡೆಕ್ ಕಟ್ಟುವ ಪುಟದಲ್ಲಿ ಆ ಗೆರೆಗಳ ಚಿತ್ರ ಇದ್ದೇ ಇರುತ್ತದೆ. ಹೆಚ್ಚಿನವರು ಅದನ್ನು ಅಲಂಕಾರವೆಂದು ತಿಳಿದು ಮುಂದೆ ಹೋಗುತ್ತಾರೆ.

ಹೊಸಬರು ಡೆಕ್ ಕಟ್ಟುವುದು ಹೀಗೆ: ತಮ್ಮಲ್ಲಿರುವ ಕಾರ್ಡುಗಳಲ್ಲಿ ಅತ್ಯುತ್ತಮವಾದ ಮೂವತ್ತನ್ನು ಹೆಕ್ಕುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಂದು ಪ್ರಶ್ನೆ ಕೇಳದೆ ಯಾವ ಕಾರ್ಡ್ ಒಳ್ಳೆಯದು, ಯಾವುದು ಕೆಟ್ಟದು ಎಂದು ಹೇಳಲು ಬರುವುದೇ ಇಲ್ಲ. ನೀವು ಎಷ್ಟನೇ ಸರದಿಯಲ್ಲಿ ಗೆಲ್ಲಬೇಕೆಂದಿದ್ದೀರಿ? ಐದನೆಯದರಲ್ಲಿ ಆಟ ಮುಗಿಸಲು ಹೊರಟವನಿಗೆ ಎಂಟು ಮಾನಾದ ಮಹಾಬಲಿ ಬರಿಯ ಚಿತ್ರಪಟ. ಹದಿನೈದನೆಯ ಸರದಿಯವರೆಗೆ ಬದುಕಿ ಉಳಿಯಬೇಕೆಂದವನಿಗೆ ಒಂದು ಮಾನಾದ ಚುರುಕು ಬಂಟ ಹೆಚ್ಚುಕಮ್ಮಿ ವ್ಯರ್ಥ. ಗೆಲುವಿನ ಗಳಿಗೆಯನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದ ಮುಕ್ಕಾಲು ತೀರ್ಮಾನಗಳು ತಾವಾಗಿಯೇ ಇತ್ಯರ್ಥವಾಗುತ್ತವೆ.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನೂ ಇಲ್ಲ. ಮೊದಲು ಆಡುವವನಿಗೆ ಆರಂಭದಲ್ಲಿ 3 ಕಾರ್ಡ್, ಆಮೇಲೆ ಸರದಿಗೊಂದು. ಐದನೆಯ ಸರದಿಯ ಹೊತ್ತಿಗೆ ಅವನು ಕಂಡ ಕಾರ್ಡು 8. ಅಷ್ಟರಲ್ಲಿ ಅವನಿಗೆ ಸಿಕ್ಕ ಒಟ್ಟು ಮಾನಾ 1, 2, 3, 4, 5 ಕೂಡಿ 15. ಎಲ್ಲ ಕಾರ್ಡನ್ನೂ ಇಳಿಸಿ, ಎಲ್ಲ ಮಾನಾವನ್ನೂ ಖರ್ಚು ಮಾಡಬೇಕಾದರೆ ಸರಾಸರಿ ಬೆಲೆ ಎರಡಕ್ಕಿಂತ ತುಸು ಕಡಿಮೆ ಇರಬೇಕು. ಏಳನೆಯ ಸರದಿಗೆ 10 ಕಾರ್ಡು, 28 ಮಾನಾ, ಸರಾಸರಿ 2.8. ಹತ್ತನೆಯದಕ್ಕೆ 13 ಕಾರ್ಡು, 55 ಮಾನಾ, ಸರಾಸರಿ ನಾಲ್ಕನ್ನು ದಾಟುತ್ತದೆ. ಗುರಿ ಇಟ್ಟ ಸರದಿ ಬದಲಾದರೆ ಡೆಕ್ಕಿನ ಮೈಕಟ್ಟೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ. ನಾಯಕನಿಗೆ ಎರಡು ಮಾನಾ ತೆತ್ತು ಬಳಸುವ ಸ್ವಂತ ಶಕ್ತಿಯೊಂದು ಇರುವುದರಿಂದ ಈ ಅಂಕಿಗಳು ಇನ್ನಷ್ಟು ಕೆಳಗಿಳಿಯುತ್ತವೆ. ಎರಡನೆಯವನಾಗಿ ಆಡುವವನಿಗೆ ಒಂದು ಕಾರ್ಡ್ ಹೆಚ್ಚು, ಜೊತೆಗೆ ಒಮ್ಮೆ ಮಾತ್ರ ಒಂದು ಮಾನಾ ಕೊಡುವ ನಾಣ್ಯ.

ಈಗ ವೇಗದ ಡೆಕ್ಕಿನ ಸಂಕಟ ನೋಡಿ. ಅಗ್ಗದ ಕಾರ್ಡುಗಳು ಸರಸರ ಇಳಿಯುತ್ತವೆ, ಐದಾರು ಸರದಿಯಲ್ಲಿ ಕೈ ಬರಿದು. ಅಷ್ಟರೊಳಗೆ ಎದುರಾಳಿ ಬೀಳದಿದ್ದರೆ ಆಮೇಲೆ ಸರದಿಗೊಂದೇ ಸಣ್ಣ ಕಾರ್ಡ್ ಎತ್ತಿಕೊಂಡು ದಿನ ದೂಡಬೇಕು. ಹಾರ್ತ್‌ಸ್ಟೋನಿನ ಆರಂಭದ ದಿನಗಳ ಝೂ ಎಂಬ ಡೆಕ್ ಈ ಸಂಕಟಕ್ಕೆ ಕಂಡುಕೊಂಡ ದಾರಿ ನನಗೆ ಇವತ್ತಿಗೂ ಬಹಳ ಇಷ್ಟ. ಅದು ವಾರ್ಲಾಕ್ ಎಂಬ ಮಾಂತ್ರಿಕನ ಡೆಕ್. ಅವನ ಸ್ವಂತ ಶಕ್ತಿ, ಎರಡು ಮಾನಾ ಮತ್ತು ತನ್ನದೇ ಎರಡು ಹೆಲ್ತ್ ತೆತ್ತು ಒಂದು ಕಾರ್ಡ್ ಎತ್ತಿಕೊಳ್ಳುವುದು. ಅಂದರೆ ಕೈ ಬರಿದಾಗುವ ಕಾಯಿಲೆಗೆ ಮದ್ದು ನಾಯಕನ ಮೈಯಲ್ಲೇ ಇದೆ. ಡೆಕ್ಕಿನ 30 ಜಾಗಗಳಲ್ಲಿ ಒಂದನ್ನೂ ಅದಕ್ಕಾಗಿ ಬಿಟ್ಟುಕೊಡಬೇಕಿಲ್ಲ. ಹಾಗಾಗಿ ಎಲ್ಲ ಜಾಗಗಳಲ್ಲೂ ಅಗ್ಗದ ಬಂಟರನ್ನೇ ನಿರಾತಂಕವಾಗಿ ತುಂಬಬಹುದು. ಇನ್ನೊಂದು ಲಾಭವೂ ಇತ್ತು: ಆ ಕಾರ್ಡುಗಳಲ್ಲಿ ಬಹುಪಾಲು ಎಲ್ಲರಿಗೂ ಸುಲಭದಲ್ಲಿ ಸಿಗುವ ಸಾಮಾನ್ಯ ದರ್ಜೆಯವು. ಕಾಸು ಖರ್ಚಿಲ್ಲದೆ ಮೇಲಿನ ಶ್ರೇಣಿಗೆ ಏರಲು ಎಷ್ಟೋ ಜನಕ್ಕೆ ಏಣಿಯಾದದ್ದು ಈ ಝೂ.

ವೇಗದ ಡೆಕ್ಕಿಗೆ ಮೊದಲ ಸರದಿಯೇ ಜೀವ. ಆಗ ಕೈಯಲ್ಲಿ ಒಂದು ಮಾನಾದ ಬಂಟ ಇರಲೇಬೇಕು. ಎಷ್ಟು ಇಟ್ಟರೆ ಸಾಕು? ಆಟದ ಆರಂಭದಲ್ಲಿ ಬೇಡದ ಕಾರ್ಡುಗಳನ್ನು ಒಮ್ಮೆ ಹಿಂದಿರುಗಿಸಿ ಬೇರೆ ತೆಗೆದುಕೊಳ್ಳಲು ಅವಕಾಶವಿದೆ. ಇದಕ್ಕೆ ಮಲಿಗನ್ ಎಂದು ಹೆಸರು. ಒಂದು ಮಾನಾದ ಬಂಟ ಇಲ್ಲದ ಕೈಯನ್ನು ಪೂರ್ತಿ ಹಿಂದಿರುಗಿಸುತ್ತೀರಿ ಎಂದಿಟ್ಟುಕೊಳ್ಳಿ. ಅಂಥ ಬಂಟರು ಡೆಕ್ಕಿನಲ್ಲಿ ಎರಡೇ ಇದ್ದರೆ, ಮೊದಲು ಆಡುವವನ ಮೊದಲ ಸರದಿಯಲ್ಲಿ ಒಬ್ಬನಾದರೂ ಕೈಯಲ್ಲಿರುವ ಸಾಧ್ಯತೆ ಶೇ 41. ನಾಲ್ಕಿದ್ದರೆ ಶೇ 67. ಎಂಟಿದ್ದರೆ ಶೇ 91. ಎರಡರಿಂದ ನಾಲ್ಕಕ್ಕೆ ಏರಿದಾಗ ಸಿಕ್ಕ ಲಾಭ ಇಪ್ಪತ್ತಾರು, ನಾಲ್ಕರಿಂದ ಎಂಟಕ್ಕೆ ಏರಿದಾಗ ಸಿಕ್ಕದ್ದು ಇಪ್ಪತ್ನಾಲ್ಕು. ಎರಡನೆಯ ಸಲ ಎರಡರ ಬದಲು ನಾಲ್ಕು ಜಾಗ ತೆತ್ತಿದ್ದೀರಿ. ಆದರೂ ಝೂ ಕಟ್ಟುವವರು ಆ ಬೆಲೆ ತೆರುತ್ತಾರೆ. ಅವರ ಗೆಲುವಿನ ಗಳಿಗೆ ಬೇಗನೆ ಇದೆ, ಮೊದಲ ಸರದಿ ಕೈಬಿಟ್ಟರೆ ಅವರ ಪಾಲಿನ ಕಾಲದಲ್ಲಿ ಐದನೆಯ ಒಂದು ಭಾಗ ಹೋದಂತೆ.

ಮೊದಲ ಸರದಿಯ ಬೆಲೆ ಎಷ್ಟೆಂದು ಇಡೀ ಆಟಕ್ಕೆ ಮನದಟ್ಟಾದದ್ದು 2014ರ ನಡುವಿನಲ್ಲಿ. ಅಂಡರ್‌ಟೇಕರ್ ಎಂಬ ಬಂಟ ಆಗ ಬಂದ. ಬೆಲೆ ಒಂದು ಮಾನಾ, ಹೊಡೆತ ಒಂದು, ಆಯಸ್ಸು ಎರಡು. ನೋಡಿದರೆ ಕನಿಕರ ಹುಟ್ಟಬೇಕು. ಆದರೆ ಸಾಯುವಾಗ ಏನಾದರೊಂದು ಪರಿಣಾಮ ಬಿಟ್ಟುಹೋಗುವ ಜಾತಿಯ ಬಂಟನನ್ನು ನೀವು ಇಳಿಸಿದಾಗಲೆಲ್ಲ ಅವನ ಹೊಡೆತವೂ ಆಯಸ್ಸೂ ಒಂದೊಂದು ಹೆಚ್ಚುತ್ತಿದ್ದವು. ಮೊದಲ ಸರದಿಯಲ್ಲಿ ಅವನು ಬಂದರೆ ಮೂರನೆಯ ಸರದಿಯ ಹೊತ್ತಿಗೆ ಯಾರೂ ಮುಟ್ಟಲಾಗದಷ್ಟು ಬೆಳೆದಿರುತ್ತಿದ್ದ. ಅದೇ ಬಂಟ ಎಂಟನೆಯ ಸರದಿಯಲ್ಲಿ ಕೈಗೆ ಬಂದರೆ ಮೂರು ಕಾಸಿನ ಪ್ರಯೋಜನವಿಲ್ಲ. ಕಾರ್ಡಿನ ಬಲ ಕಾರ್ಡಿನ ಮೇಲೆ ಅಚ್ಚಾಗಿರುವುದಿಲ್ಲ, ಅದು ಬಂದ ಹೊತ್ತಿನಲ್ಲಿದೆ. ಕೊನೆಗೆ 2015ರ ಜನವರಿಯಲ್ಲಿ ಬ್ಲಿಝಾರ್ಡ್ ಅವನ ಆಯಸ್ಸು ಬೆಳೆಯುವುದನ್ನು ನಿಲ್ಲಿಸಿ ಹೊಡೆತ ಮಾತ್ರ ಬೆಳೆಯುವಂತೆ ತಿದ್ದಿತು. ಕಾಗದದ ಕಾರ್ಡಿಗೆ ಈ ಭಾಗ್ಯವಿಲ್ಲ. ಅಚ್ಚಾದ ಮೇಲೆ ನಿಷೇಧಿಸಬಹುದು, ಅಚ್ಚನ್ನು ತಿದ್ದಲು ಬರುವುದಿಲ್ಲ.

ಇನ್ನು ತದ್ವಿರುದ್ಧ ತುದಿಗೆ ಹೋಗೋಣ. ಮೇಜ್ ಎಂಬ ಮಂತ್ರವಾದಿನಿಯ ಡೆಕ್ ಒಂದಿತ್ತು, ಫ್ರೀಝ್ ಮೇಜ್ ಎಂದು. ಹಾರ್ತ್‌ಸ್ಟೋನಿನ ಹಳೆಯ ಡೆಕ್‌ಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಇನ್ನೊಂದನ್ನು ನಾನು ಕಂಡಿಲ್ಲ. ಎದುರಾಳಿಯನ್ನು ಅಲೆಕ್ಸ್‌ಸ್ಟ್ರಾಝಾ ಎಂಬ ಡ್ರ್ಯಾಗನ್ ಬರುವವರೆಗೂ ಅದು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಒಂಬತ್ತು ಮಾನಾದ ಈ ಡ್ರ್ಯಾಗನ್ ಇಳಿದ ಕೂಡಲೇ ಯಾವುದಾದರೂ ಒಬ್ಬ ನಾಯಕನ ಹೆಲ್ತನ್ನು 15ಕ್ಕೆ ತಂದು ನಿಲ್ಲಿಸುತ್ತದೆ. ಎದುರಾಳಿ ಪೂರ್ತಿ 30ರಲ್ಲಿದ್ದರೂ ಅಷ್ಟೇ, ಅರ್ಧ ಹಾರಿಹೋಯಿತು. ಮುಂದಿನ ಸರದಿಯಲ್ಲಿ ಮಂತ್ರವಾದಿನಿಗೆ ಹತ್ತು ಮಾನಾ. ಫೈರ್‌ಬಾಲ್ ಮಂತ್ರಕ್ಕೆ ನಾಲ್ಕು ಮಾನಾ, ಆರು ಹೊಡೆತ. ಅದರ ಎರಡು ಪ್ರತಿ. ಫ್ರಾಸ್ಟ್‌ಬೋಲ್ಟಿಗೆ ಎರಡು ಮಾನಾ, ಮೂರು ಹೊಡೆತ. ನಾಲ್ಕು, ನಾಲ್ಕು, ಎರಡು ಕೂಡಿದರೆ ಹತ್ತು. ಆರು, ಆರು, ಮೂರು ಕೂಡಿದರೆ ಹದಿನೈದು. ಒಂದು ಮಾನಾ ಉಳಿಯುವುದಿಲ್ಲ, ಒಂದು ಹೆಲ್ತ್ ಉಳಿಯುವುದಿಲ್ಲ.

ಅಂದರೆ ಈ ಡೆಕ್ಕಿನಲ್ಲಿ ಗೆಲ್ಲಿಸುವ ಕಾರ್ಡುಗಳು ನಾಲ್ಕೈದೇ. ಉಳಿದ ಇಪ್ಪತ್ತೈದು ಏನು ಮಾಡುತ್ತವೆ? ಕೆಲವು ಕಾರ್ಡ್ ಎಳೆಯುತ್ತವೆ, ಬಾಕಿಯವು ಕಾಲ ತಳ್ಳುತ್ತವೆ. ಡೂಮ್‌ಸೇಯರ್ ಎಂಬ ಮುದುಕನಿದ್ದಾನೆ, ಎರಡು ಮಾನಾ. ಅವನು ನಿಮ್ಮ ಮುಂದಿನ ಸರದಿಯವರೆಗೆ ಬದುಕಿದರೆ ಬಯಲಿನಲ್ಲಿರುವ ಎಲ್ಲ ಬಂಟರೂ ನಾಶ. ಎದುರಾಳಿ ಸುಮ್ಮನೆ ಬಿಡುತ್ತಾನೆಯೇ, ಮುದುಕನನ್ನು ಹೊಡೆದು ಕೆಡವುತ್ತಾನೆ. ಆದ್ದರಿಂದ ಮೂರು ಮಾನಾದ ಫ್ರಾಸ್ಟ್ ನೋವಾ ಮಂತ್ರದಿಂದ ಎದುರಾಳಿಯ ಬಂಟರನ್ನೆಲ್ಲ ಮೊದಲು ಹೆಪ್ಪುಗಟ್ಟಿಸಬೇಕು. ಎರಡೂ ಸೇರಿ ಐದು ಮಾನಾ. ಐದನೆಯ ಸರದಿಯಲ್ಲಿ ಎರಡನ್ನೂ ಇಳಿಸಿದರೆ ಆರನೆಯದರ ಆರಂಭದಲ್ಲೇ ಎದುರಿನ ಸೈನ್ಯ ಗುಡಿಸಿಹೋಯಿತು. ಏಳನೆಯದರಲ್ಲಿ ಫ್ಲೇಮ್‌ಸ್ಟ್ರೈಕ್, ಮತ್ತೊಮ್ಮೆ ಗುಡಿಸಿದ್ದು. ಒಂಬತ್ತರಲ್ಲಿ ಡ್ರ್ಯಾಗನ್, ಹತ್ತರಲ್ಲಿ ಬೆಂಕಿ. ಈ ಡೆಕ್ ಕಟ್ಟಿದವರು ಹತ್ತನೆಯ ಸರದಿಯಲ್ಲಿ ನಿಂತು ಹಿಂದಕ್ಕೆ ಲೆಕ್ಕ ಹಾಕಿದ್ದಾರೆ. ಇಂತಿಷ್ಟು ಹೊತ್ತು ಬದುಕಬೇಕು, ಅದಕ್ಕೆ ಯಾವ ಸರದಿಯಲ್ಲಿ ಯಾವ ತಡೆ ಬೇಕು ಎಂದು. ಅದರ ಒಂದೊಂದೇ ಕಾರ್ಡನ್ನು ಹೊರಗೆ ತೆಗೆದು ನೋಡಿದರೆ ಮುದುಕನಂಥವು ಹುಚ್ಚಾಟವೆನಿಸುತ್ತವೆ.

ಮ್ಯಾಜಿಕ್ ಆಟದ ಬರಹಗಾರ ಮೈಕ್ ಫ್ಲೋರೆಸ್ 1999ರಲ್ಲಿ ‘ಹೂಸ್ ದ ಬೀಟ್‌ಡೌನ್’ ಎಂಬ ಪ್ರಬಂಧ ಬರೆದ. ಕಾರ್ಡ್ ಆಟಗಳ ಬಗ್ಗೆ ಬಂದಿರುವ ಬರಹಗಳಲ್ಲಿ ಇಷ್ಟು ಓದಿಸಿಕೊಂಡದ್ದು ಅಪರೂಪ. ಅವನ ವಾದದ ಸಾರ ಹೀಗಿದೆ: ಇಬ್ಬರು ಎದುರುಬದುರಾದಾಗ ಒಬ್ಬನು ಮುನ್ನುಗ್ಗುವವನು, ಇನ್ನೊಬ್ಬನು ತಡೆದು ನಿಲ್ಲುವವನು ಆಗಿಯೇ ಇರುತ್ತಾನೆ, ತಾನು ಇವೆರಡರಲ್ಲಿ ಯಾರು ಎಂದು ತಪ್ಪಾಗಿ ತಿಳಿದವನು ಸೋಲುತ್ತಾನೆ. ನಿಮ್ಮದು ವೇಗದ ಡೆಕ್ ಆಗಿರಬಹುದು, ಆದರೆ ಎದುರಿಗಿರುವವನು ನಿಮಗಿಂತ ವೇಗದವನಾದರೆ ಅವತ್ತು ತಡೆಯುವ ಕೆಲಸ ನಿಮ್ಮದು. ಡೆಕ್ ಕಟ್ಟುವವರಿಗೂ ಇದರಲ್ಲಿ ಪಾಠವಿದೆ. ಗೆಲುವಿನ ಗಳಿಗೆಯನ್ನು ಸ್ವಲ್ಪ ಅತ್ತಿತ್ತ ಸರಿಸಿಕೊಳ್ಳಲು ಬರುವಂಥ ಎರಡು ಮೂರು ಕಾರ್ಡುಗಳಿಗೆ ಜಾಗ ಇರಲಿ. ತುದಿಗೆ ಎಳೆದು ಕಟ್ಟಿದ ಡೆಕ್ ತನ್ನಂತೆಯೇ ಇರುವ ಇನ್ನೊಂದರ ಮುಂದೆ ತಬ್ಬಿಬ್ಬಾಗುತ್ತದೆ.

ಎರಡು ಪ್ರತಿಯೋ ಒಂದೋ ಎಂಬ ಜಗಳವೂ ಇಲ್ಲಿಯದೇ. ಕಟ್ಟಿನ ಮುಖ್ಯ ಕಾರ್ಡಿಗೆ ಎರಡು ಪ್ರತಿ ಇಟ್ಟರೆ ಹತ್ತು ಕಾರ್ಡ್ ಕಾಣುವಷ್ಟರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 56. ಒಂದೇ ಇಟ್ಟರೆ ಶೇ 33. ಹಾಗಾಗಿ ಬೇಕಾದದ್ದು ಎರಡೆರಡು, ಇದ್ದರೆ ಒಳ್ಳೆಯದು ಎನ್ನುವಂಥದ್ದು ಒಂದು ಎಂಬುದು ಸಾಮಾನ್ಯ ಬುದ್ಧಿ. 2015ರ ನವೆಂಬರ್‌ನಲ್ಲಿ ಬಂದ ರೆನೋ ಜಾಕ್ಸನ್ ಈ ಬುದ್ಧಿಯನ್ನೇ ತಲೆಕೆಳಗು ಮಾಡಿದ. ಆರು ಮಾನಾದ ಇವನು, ಡೆಕ್ಕಿನಲ್ಲಿ ಯಾವ ಕಾರ್ಡೂ ಜೋಡಿಯಾಗಿ ಇಲ್ಲದಿದ್ದರೆ, ನಾಯಕನ ಹೆಲ್ತನ್ನು ಪೂರ್ತಿ ತುಂಬಿಕೊಡುತ್ತಾನೆ. ಸಾವಿನ ಅಂಚಿನಿಂದ ಒಮ್ಮೆಗೇ 30ಕ್ಕೆ! ಈ ಒಂದು ವರಕ್ಕಾಗಿ ಮೂವತ್ತೂ ಕಾರ್ಡುಗಳನ್ನು ಒಂಟಿಯಾಗಿ ಇಡಬೇಕು. ಆದರೆ ರೆನೋ ಕೂಡ ಒಂದೇ ಪ್ರತಿಯಲ್ಲವೇ? ಅವನನ್ನೇ ಹುಡುಕಿ ಕೈಯನ್ನೆಲ್ಲ ಹಿಂದಿರುಗಿಸಿದರೂ ಆರನೆಯ ಸರದಿಗೆ ಸಿಗುವ ಸಾಧ್ಯತೆ ಶೇ 38ರ ಹತ್ತಿರ. ಅವನು ಬಂದ ದಿನ ದೇವರು, ಬಾರದ ದಿನ ಚೂರುಪಾರು ಕಾರ್ಡುಗಳ ಸಂತೆ. ಆದರೂ ಜನ ಇಂಥ ಡೆಕ್ ಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಆಟ ಪ್ರತಿ ಸಲವೂ ಬೇರೆಯಾಗಿ ನಡೆಯುವ ಸುಖಕ್ಕೆ ಕೆಲವರು ಸೋಲನ್ನೂ ತೆರುತ್ತಾರೆ. ಕೇವಲ ಗೆಲುವಿನ ಲೆಕ್ಕ ಹಾಕುವವರಿಗೆ ಇದು ಅರ್ಥವಾಗದು.

ಇಷ್ಟೆಲ್ಲ ಆದ ಮೇಲೂ ಡೆಕ್ ಒಂಟಿಯಾಗಿ ಬಾಳುವುದಿಲ್ಲ. ಆ ವಾರ ಉಳಿದವರು ಏನು ಆಡುತ್ತಿದ್ದಾರೆ ಎಂಬುದು ನಿಮ್ಮ ಕಾರ್ಡುಗಳ ಬೆಲೆಯನ್ನು ಏರಿಸಿ ಇಳಿಸುತ್ತದೆ. ಇದಕ್ಕೆ ಮೆಟಾ ಎನ್ನುತ್ತಾರೆ. ಹಾರ್ತ್‌ಸ್ಟೋನಿನ ಹಳಬರಿಗೆ ಡಾಕ್ಟರ್ ಬೂಮ್ ನೆನಪಿರುತ್ತಾನೆ: ಏಳು ಮಾನಾಕ್ಕೆ ಏಳು ಹೊಡೆತ, ಏಳು ಆಯಸ್ಸು, ಜೊತೆಗೆ ಸಾಯುವಾಗ ಸಿಡಿಯುವ ಎರಡು ಪುಟ್ಟ ಯಂತ್ರಗಳು. 2014ರ ಕೊನೆಗೆ ಬಂದ ಮೇಲೆ ಏಳು ಮಾನಾ ಮುಟ್ಟುವ ಹೆಚ್ಚಿನ ಡೆಕ್ಕಿನಲ್ಲೆಲ್ಲ ಅವನೇ. ಹೊಡೆತ ಏಳು ಅಥವಾ ಹೆಚ್ಚಿರುವ ಬಂಟನನ್ನು ಇಳಿದ ಕೂಡಲೇ ಕೊಲ್ಲುವ ಬಿಗ್ ಗೇಮ್ ಹಂಟರ್ ಎಂಬ ಮೂರು ಮಾನಾದ ಕಾರ್ಡ್ ಮೊದಲೇ ಇತ್ತು. ಬೂಮ್‌ನಿಂದಾಗಿ ಅದೂ ಎಲ್ಲರ ಡೆಕ್ಕಿಗೆ ಬಂತು. ಪರಿಣಾಮ ತಮಾಷೆಯಾಗಿತ್ತು. ಬೇಟೆಗಾರ ಎಲ್ಲೆಲ್ಲೂ ಇರುವುದರಿಂದ ಏಳರ ಹೊಡೆತದ ಬೇರೆ ದೊಡ್ಡ ಬಂಟರನ್ನು ಯಾರೂ ಇಡದಂತಾದರು. ಬೂಮ್ ಮಾತ್ರ ಉಳಿದ, ಏಕೆಂದರೆ ಅವನು ಸತ್ತರೂ ಯಂತ್ರಗಳು ಇರುತ್ತವೆ. ಒಂದು ಕಾರ್ಡಿಗೆ ಹೆದರಿ ತಂದ ಇನ್ನೊಂದು ಕಾರ್ಡ್, ಅದಕ್ಕೆ ಸಂಬಂಧವೇ ಇಲ್ಲದ ಹತ್ತು ಕಾರ್ಡುಗಳ ಬಾಳನ್ನು ಹಾಳುಮಾಡಿತು. 2016ರಲ್ಲಿ ಬೇಟೆಗಾರನ ಬೆಲೆಯನ್ನು ಐದಕ್ಕೆ ಏರಿಸಲಾಯಿತು. ಅದೇ ವರ್ಷ ಬಂದ ಸ್ಟ್ಯಾಂಡರ್ಡ್ ಮಾದರಿ ಹಳೆಯ ಕಾರ್ಡ್ ಸೆಟ್ಟುಗಳನ್ನು ಮುಖ್ಯ ಪಂದ್ಯಗಳಿಂದ ಹೊರಗಿಡತೊಡಗಿತು. ಬೂಮ್ ಆ ಗಾಳಿಯಲ್ಲಿ ಹೋದ.

ಒಂದು ನಿರ್ದಿಷ್ಟ ಎದುರಾಳಿಯನ್ನು ಮನಸ್ಸಿನಲ್ಲಿಟ್ಟು ಸೇರಿಸುವ ಇಂಥ ಕಾರ್ಡಿಗೆ ಟೆಕ್ ಕಾರ್ಡ್ ಎನ್ನುತ್ತಾರೆ. ಹೊಸಬರು ಇದರಲ್ಲಿ ಅತಿ ಮಾಡುತ್ತಾರೆ. ನಿನ್ನೆ ರಾತ್ರಿ ಯಾರ ಕೈಯಲ್ಲಿ ಸೋತರೋ ಅವನಿಗೆಂದೇ ಎರಡು ಕಾರ್ಡ್ ಸೇರಿಸುತ್ತಾರೆ. ನಾಳೆ ಬೇರೊಬ್ಬ ಎದುರಾದಾಗ ಆ ಎರಡೂ ಕೈಯಲ್ಲಿ ಕುಳಿತು ನಗುತ್ತವೆ. ಒಂದು ಮಾನಾದಿಂದ ಹತ್ತರವರೆಗಿನ ಸಾಲನ್ನು ಮುರಿಯದೆ, ಹೇಗಿದ್ದರೂ ಇಳಿಸಬಹುದಾದ ಬಂಟನೇ ಟೆಕ್ ಆಗಿ ಸಿಕ್ಕರೆ ಸೇರಿಸಿ. ಎರಡು ಮಾನಾಕ್ಕೆ ಮೂರು ಹೊಡೆತ, ಎರಡು ಆಯಸ್ಸಿರುವ ಅಸಿಡಿಕ್ ಸ್ವಾಂಪ್ ಊಝ್ ಎದುರಾಳಿಯ ಬಳಿ ಆಯುಧವಿದ್ದರೆ ಅದನ್ನು ಕರಗಿಸುತ್ತದೆ, ಇಲ್ಲದಿದ್ದರೂ ಎರಡನೆಯ ಸರದಿಗೆ ತಕ್ಕ ಬಂಟನಾಗಿ ದುಡಿಯುತ್ತದೆ. ಟೆಕ್ ಎಂದರೆ ಹಾಗಿರಬೇಕು.

ಬೇರೆಯವರ ಡೆಕ್ ನಕಲು ಮಾಡುವುದು ಕೀಳೇ? ಇದು ಈ ಆಟಗಳಷ್ಟೇ ಹಳೆಯ ತಗಾದೆ. ಎಚ್‌ಎಸ್‌ರಿಪ್ಲೇಯಂಥ ತಾಣಗಳು ಆಟಗಾರರ ಪಂದ್ಯಗಳ ದಾಖಲೆ ಕೂಡಿಸಿ, ಯಾವ ಡೆಕ್ ಶೇಕಡಾ ಎಷ್ಟು ಗೆಲ್ಲುತ್ತದೆ, ಯಾವ ಕಾರ್ಡ್ ಮೊದಲ ಕೈಯಲ್ಲಿದ್ದರೆ ಒಳ್ಳೆಯದು ಎಂಬುದನ್ನೆಲ್ಲ ಬಿಡಿಸಿಡುತ್ತವೆ. ನನ್ನ ಮಟ್ಟಿಗೆ ನಕಲಿನಲ್ಲಿ ತಪ್ಪೇನೂ ಇಲ್ಲ. ಸಂಗೀತ ಕಲಿಯುವವರು ಗುರು ಹಾಡಿದ್ದನ್ನೇ ಹಾಡುವುದಿಲ್ಲವೇ. ಆದರೆ ನಕಲು ಮಾಡಿದ ಡೆಕ್ಕಿನಲ್ಲಿ ಅದೊಂದು ಕಾರ್ಡ್ ಯಾಕಿದೆ ಎಂದು ಹೇಳಲಾಗದಿದ್ದರೆ, ಅದು ನಿಮ್ಮ ಕೈಯಲ್ಲಿ ಗೆಲ್ಲುವುದು ಕಷ್ಟ. ಕಾರಣ ಗೊತ್ತಿಲ್ಲದವನು ತಪ್ಪು ಸರದಿಯಲ್ಲಿ ಅದನ್ನು ಇಳಿಸುತ್ತಾನೆ.

ದೊಡ್ಡ ಪಂದ್ಯಗಳಲ್ಲಿ ಕಥೆ ಇನ್ನೊಂದು ಮಜಲು ಏರುತ್ತದೆ. ಅಲ್ಲಿ ಒಂದು ಡೆಕ್ ಸಾಲದು, ಬೇರೆ ಬೇರೆ ನಾಯಕರ ಮೂರು ನಾಲ್ಕು ಡೆಕ್‌ಗಳ ಲೈನಪ್ ತರಬೇಕು. ಹಾರ್ತ್‌ಸ್ಟೋನ್ ಪಂದ್ಯಗಳಲ್ಲಿ ಬಹುಕಾಲ ನಡೆದ ಕಾಂಕ್ವೆಸ್ಟ್ ಎಂಬ ಪದ್ಧತಿಯಲ್ಲಿ ಗೆದ್ದ ಡೆಕ್ ಬದಿಗೆ ಸರಿಯುತ್ತದೆ, ಸೋತದ್ದನ್ನು ಮತ್ತೆ ಆಡಬಹುದು. ತಂದ ಡೆಕ್‌ಗಳೆಲ್ಲವೂ ಒಂದೊಂದು ಸಲ ಗೆದ್ದಾಗಲೇ ನೀವು ಗೆದ್ದಂತೆ. ಅದಕ್ಕೂ ಮುಂಚಿನ ಪದ್ಧತಿಯಲ್ಲಿ ಸೋತ ಡೆಕ್ ಹೊರಕ್ಕೆ, ಗೆದ್ದದ್ದು ಸೋಲುವವರೆಗೂ ಮುಂದುವರಿಯುತ್ತಿತ್ತು. ಒಂದೇ ಅಸಾಧ್ಯ ಡೆಕ್ಕಿನಿಂದ ಎದುರಾಳಿಯ ಮೂರನ್ನೂ ಉರುಳಿಸಬಹುದಿತ್ತು. ಕಾಂಕ್ವೆಸ್ಟ್ ಈ ಆಸೆಗೆ ಬಾಗಿಲು ಮುಚ್ಚಿತು.

ಎಷ್ಟು ಬಿಗಿಯಾಗಿ ಮುಚ್ಚಿತು ಎಂಬುದನ್ನು ಲೆಕ್ಕವೇ ಹೇಳುತ್ತದೆ. ಮೂರು ಡೆಕ್, ಮೂರು ಗೆಲುವು ಬೇಕಾದ ಪಂದ್ಯ. ಒಬ್ಬನ ಮೂರು ಡೆಕ್‌ಗಳೂ ತಲಾ ಶೇ 53.3ರಷ್ಟು ಗೆಲ್ಲುವಂಥವು. ಇನ್ನೊಬ್ಬನ ಎರಡು ಡೆಕ್‌ಗಳು ಶೇ 70 ಗೆಲ್ಲುವ ಹುಲಿಗಳು, ಮೂರನೆಯದು ಶೇ 20ರ ಬಡಪಾಯಿ. ಇಬ್ಬರ ಸರಾಸರಿಯೂ ಒಂದೇ. ಮೊದಲನೆಯವನು ಪಂದ್ಯ ಗೆಲ್ಲುವ ಸಾಧ್ಯತೆ ಶೇ 56. ಎರಡನೆಯವನದು ಶೇ 37 ಮಾತ್ರ. ಹುಲಿಗಳೆರಡೂ ಬೇಗ ಗೆದ್ದು ಬದಿಗೆ ಕೂರುತ್ತವೆ, ಆಮೇಲೆ ಬಡಪಾಯಿ ಒಂದರ ಹಿಂದೊಂದು ಸೋಲುತ್ತಾ ಹೋಗುತ್ತದೆ. ಹಾಗಾಗಿ ಲೈನಪ್ ಕಟ್ಟುವವರು ತಮ್ಮ ಅತ್ಯುತ್ತಮ ಡೆಕ್ಕಿಗಿಂತ ಅತಿ ದುರ್ಬಲ ಡೆಕ್ಕಿನ ಮೇಲೆ ಹೆಚ್ಚು ಹೊತ್ತು ಕಳೆಯುತ್ತಾರೆ. ಎದುರಾಳಿಯ ಒಂದು ಡೆಕ್ಕನ್ನು ಆಡದಂತೆ ಬ್ಯಾನ್ ಮಾಡುವ ಹಕ್ಕು ಸೇರಿದಾಗ ಇನ್ನೊಂದು ದಾರಿ ತೆರೆಯುತ್ತದೆ: ತಮ್ಮ ಎಲ್ಲ ಡೆಕ್‌ಗಳೂ ಒಂದೇ ಬಗೆಯ ಎದುರಾಳಿಗೆ ಹೆದರುವಂತೆ ಬೇಕೆಂದೇ ಕಟ್ಟಿ, ಆ ಒಂದನ್ನು ಬ್ಯಾನ್ ಮಾಡಿ, ಉಳಿದವುಗಳ ಮೇಲೆ ಸವಾರಿ ಮಾಡುವುದು. ಬೇರೆ ಬೇರೆ ದೌರ್ಬಲ್ಯಗಳಿರುವ ನಾಲ್ಕು ಒಳ್ಳೆಯ ಡೆಕ್‌ಗಳಿಗಿಂತ ಒಂದೇ ದೌರ್ಬಲ್ಯವಿರುವ ನಾಲ್ಕು ಸಾಧಾರಣ ಡೆಕ್‌ಗಳು ಲೇಸು.

ಇಂಥ ದೊಡ್ಡ ಪಂದ್ಯಗಳಲ್ಲಿ ಭಾರತದ ಹೆಸರೂ ಕೇಳಿಬಂದಿದೆ. 2018ರ ಜಕಾರ್ತಾ-ಪಾಲೆಂಬಾಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು, ಹಾರ್ತ್‌ಸ್ಟೋನ್ ಅದರಲ್ಲಿ ಒಂದು. ಗುಜರಾತಿನ ಭುಜ್‌ನ ತೀರ್ಥ್ ಮೆಹ್ತಾ ಕಂಚು ಗೆದ್ದರು. ಚಿನ್ನ ಹಾಂಗ್‌ಕಾಂಗಿಗೆ, ಬೆಳ್ಳಿ ಇಂಡೊನೇಷ್ಯಾಗೆ. ಪ್ರದರ್ಶನ ಸ್ಪರ್ಧೆಯಾದ್ದರಿಂದ ಭಾರತದ ಪದಕ ಪಟ್ಟಿಯಲ್ಲಿ ಅದು ಸೇರಲಿಲ್ಲ. ಮರುವರ್ಷ ಚೀನಾದ ಲಿ ಶಿಯಾವ್‌ಮೆಂಗ್ ಅಮೆರಿಕದಲ್ಲಿ ನಡೆದ ಗ್ರ್ಯಾಂಡ್‌ಮಾಸ್ಟರ್ಸ್ ಜಾಗತಿಕ ಫೈನಲ್ ಗೆದ್ದು, ಆ ಮಟ್ಟದ ಹಾರ್ತ್‌ಸ್ಟೋನ್ ಪಟ್ಟಕ್ಕೇರಿದ ಮೊದಲ ಮಹಿಳೆಯಾದರು. ಬಹುಮಾನ ಎರಡು ಲಕ್ಷ ಡಾಲರ್.

ದುಡ್ಡಿನ ಮಾತು ಬಂತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾರ್ಡುಗಳು ಐದೈದರ ಪೊಟ್ಟಣಗಳಲ್ಲಿ ಬರುತ್ತವೆ, ಒಳಗೇನಿದೆ ಎಂಬುದು ಅದೃಷ್ಟ. ಬೇಡದ ಕಾರ್ಡನ್ನು ಪುಡಿಮಾಡಿ ಬಂದ ಡಸ್ಟ್‌ನಿಂದ ಬೇಕಾದದ್ದನ್ನು ತಯಾರಿಸಬಹುದು. ಆದರೆ ಒಂದು ಲೆಜೆಂಡರಿ ತಯಾರಿಸಲು 1,600 ಡಸ್ಟ್ ಬೇಕು, ಪುಡಿಮಾಡಿದರೆ ಸಿಗುವುದು 400. ನಾಲ್ಕು ಕೊಟ್ಟು ಒಂದು ತೆಗೆದುಕೊಳ್ಳುವ ವ್ಯಾಪಾರ. ಸಾಮಾನ್ಯ ಕಾರ್ಡಾದರೆ ಇನ್ನೂ ಕಡೆ, ತಯಾರಿಕೆಗೆ 40, ಪುಡಿಮಾಡಿದರೆ 5. ಆದ್ದರಿಂದ ಕೈ ಬಿಗಿ ಇರುವವರು ಒಬ್ಬ ನಾಯಕನನ್ನು ಹಿಡಿದು, ಅವನದೇ ಅಗ್ಗದ ವೇಗದ ಡೆಕ್ ಒಂದನ್ನು ಪೂರ್ತಿ ಮಾಡಿ, ಮೊದಲು ಅದರಲ್ಲೇ ಪಳಗುವುದು ಲೇಸು. ಪೊಟ್ಟಣದಲ್ಲಿ ಬಂದ ಹೊಳೆಯುವ ಲೆಜೆಂಡರಿಯ ಸುತ್ತ ಡೆಕ್ ಕಟ್ಟಲು ಹೋದವರು ಸಾಮಾನ್ಯವಾಗಿ ಮತ್ತೆರಡು ಲೆಜೆಂಡರಿಗಳಿಗೆ ದುಡ್ಡು ಹುಡುಕುತ್ತಾ ಕೂರುತ್ತಾರೆ. 2021ರಿಂದ ಕೋರ್ ಸೆಟ್ ಎಂಬ ಮೂಲ ಕಾರ್ಡುಗಳನ್ನು ಉಚಿತವಾಗಿ ಕೊಡುತ್ತಿರುವುದು ಸ್ವಲ್ಪ ಉಸಿರಾಡಲು ಬಿಟ್ಟಿದೆ.

ಹಾರ್ತ್‌ಸ್ಟೋನಿನ ಮುಖವೇ ಆಗಿದ್ದ ಬೆನ್ ಬ್ರೋಡ್ 2018ರಲ್ಲಿ ಬ್ಲಿಝಾರ್ಡ್ ಬಿಟ್ಟರು. ಅವರ ಹೊಸ ಸಂಸ್ಥೆ ಸೆಕೆಂಡ್ ಡಿನ್ನರ್ 2022ರ ಅಕ್ಟೋಬರ್‌ನಲ್ಲಿ ತಂದ ಮಾರ್ವೆಲ್ ಸ್ನ್ಯಾಪ್ ಈ ಕಾಲಗಣಿತವನ್ನು ಇನ್ನೂ ಬಿಗಿಮಾಡಿತು. ಡೆಕ್ಕಿಗೆ 12 ಕಾರ್ಡ್ ಮಾತ್ರ, ಎಲ್ಲವೂ ಒಂಟಿ. ಆಟ ಆರೇ ಸರದಿ. ಮೂರು ತಾಣಗಳಲ್ಲಿ ಎರಡನ್ನು ಗೆದ್ದವನು ಗೆದ್ದ. ಮೊದಲು ಮೂರು ಕಾರ್ಡ್, ಆಮೇಲೆ ಸರದಿಗೊಂದು. ಆರನೆಯದರ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಕಂಡಿರುತ್ತೀರಿ. ಗೆಲುವಿನ ಗಳಿಗೆ ಎಲ್ಲರಿಗೂ ಒಂದೇ ಆದಮೇಲೆ ಡೆಕ್ ಕಟ್ಟುವವನು ನಿರ್ಧರಿಸುವುದು ಏನನ್ನು?

ಅದಕ್ಕೆ ಬ್ರೋಡ್ ತಂಡದ ಉತ್ತರ ಪಣ. ಪ್ರತಿ ಆಟದಲ್ಲಿ ಕ್ಯೂಬ್ ಎಂಬ ಅಂಕಗಳು ಪಣದಲ್ಲಿರುತ್ತವೆ, ಶುರುವಿಗೆ ಒಂದು. ಗೆಲ್ಲುವ ನಂಬಿಕೆ ಬಂದವನು ಸ್ನ್ಯಾಪ್ ಮಾಡಿ ಪಣವನ್ನು ಇಮ್ಮಡಿಸಬಹುದು, ಕೊನೆಯ ಸರದಿಯಲ್ಲಿ ಅದು ಮತ್ತೆ ಇಮ್ಮಡಿಯಾಗುತ್ತದೆ, ಗರಿಷ್ಠ ಎಂಟು. ಸೋಲು ಖಚಿತವೆನಿಸಿದರೆ ಎದ್ದು ಹೋಗಬಹುದು, ಆಗಿನ ಪಣವಷ್ಟೇ ನಷ್ಟ. ಒಂದು ಮುಖ್ಯ ಕಾರ್ಡಿನ ಮೇಲೆ ನಿಂತ ಡೆಕ್ ಇದೆ ಎನ್ನಿ. ನಾಲ್ಕನೆಯ ಸರದಿಗೆ ಆ ಕಾರ್ಡ್ ಕೈಯಲ್ಲಿರುವ ಸಾಧ್ಯತೆ ಹನ್ನೆರಡರಲ್ಲಿ ಏಳು, ಶೇ 58. ಬಾರದಿದ್ದಾಗ ಒಂದು ಕ್ಯೂಬ್ ಬಿಟ್ಟು ಎದ್ದುಹೋಗುವುದು, ಬಂದಾಗ ಸ್ನ್ಯಾಪ್ ಮಾಡುವುದು. ಅದೃಷ್ಟ ಕೆಟ್ಟು ಹತ್ತು ಆಟದಲ್ಲಿ ಆರು ಸಲ ಹಾಗೆ ಒಂದೊಂದೇ ಕ್ಯೂಬ್ ಕಳೆದುಕೊಂಡರೂ, ಉಳಿದ ನಾಲ್ಕರಲ್ಲಿ ಎರಡು ಸಲ ನಾಲ್ಕು ಕ್ಯೂಬು, ಎರಡು ಸಲ ಎರಡು ಕ್ಯೂಬು ಗೆದ್ದರೆ ಲೆಕ್ಕದಲ್ಲಿ ಆರು ಕ್ಯೂಬು ಮುಂದೆ. ಹತ್ತರಲ್ಲಿ ಆರು ಸೋತವನು ಶ್ರೇಣಿಯಲ್ಲಿ ಮೇಲೇರುತ್ತಿದ್ದಾನೆ! ಆದ್ದರಿಂದ ಸ್ನ್ಯಾಪ್ ಆಡುವವರು ಶೇಕಡಾವಾರು ಗೆಲುವನ್ನು ಅಷ್ಟಾಗಿ ಕೇಳುವುದಿಲ್ಲ, ಆಟಕ್ಕೆ ಸರಾಸರಿ ಎಷ್ಟು ಕ್ಯೂಬು ಎಂದು ಕೇಳುತ್ತಾರೆ. ಕೈ ಹೇಗಿದ್ದರೂ ‘ನೋಡೋಣ’ ಎನ್ನುವಂತಿರುವ ಡೆಕ್ಕಿಗಿಂತ, ಇರಬೇಕೋ ಎದ್ದು ಹೋಗಬೇಕೋ ಎಂದು ನಾಲ್ಕನೆಯ ಸರದಿಯೊಳಗೆ ಸ್ಪಷ್ಟವಾಗಿ ಹೇಳುವ ಡೆಕ್ಕಿಗೆ ಅಲ್ಲಿ ಬೆಲೆ ಹೆಚ್ಚು.